ಬೆಳ್ಳಿಯ ಕೂದಲು, ಬಂಗಾರದ ಗರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಳ್ಳಿಗಳಲ್ಲಿ ಬೆಳ್ಳಿಯ ಗೆಜ್ಜೆಯ ಮಾತು ಬಂದರೆ ಹುಪರಿಯ ಹೆಸರು ಬಾರದಿರದು. ನಿಪ್ಪಾಣಿಯ ಸಮೀಪದಲ್ಲೇ, ಗಡಿಯಾಚೆ ಕೊಲ್ಹಾಪುರ ಜಿಲ್ಲೆಯಲ್ಲಿರುವ ಈ ಊರು ಬೆಳ್ಳಿಯ ಆಭರಣಗಳಿಗೆ ಬಹುದೂರದವರೆಗೆ ಹೆಸರಾಗಿದೆ. ಪತ್ತಾರರು ಬೆಳ್ಳಿಯನ್ನು ತಂತಿಯಾಗಿಸುವ ಬಗೆಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಲೋಹವನ್ನು ಕರಗಿಸಿ, ಸಲಾಕೆಯಾಗಿ ಎರಕ ಹೊಯ್ದು, ಬಡಿದು, ಒಂದಕ್ಕಿಂತ ಒಂದು ಕಿರಿದಾದ ತೂತುಗಳುಳ್ಳ ಉಕ್ಕಿನ ಪಟ್ಟಿಯ ಮೂಲಕ ಮತ್ತೆ ಮತ್ತೆ ಎಳೆಯಬೇಕು. ಎಳೆದಷ್ಟೂ ಬೆಳ್ಳಿ ಬಿರುಸಾಗುವುದರಿಂದ ನಡುನಡುವೆ ಕಾಸಿ ಮೆದುಗೊಳಿಸಬೇಕು. ಒಂದು ಎಳೆ ತಂತಿಯ ಹಿಂದೆ ಬೆಂಕಿ, ಸುತ್ತಿಗೆ, ತೋಳಿನ ಬಲ ಮೂರೂ ಇವೆ.

ಈ ಮೂರೂ ಇಲ್ಲದೆ, ಭೂಮಿಯ ಒಳಗಿನ ಕಗ್ಗತ್ತಲೆಯ ಬಿರುಕುಗಳಲ್ಲಿ, ತಾನೇ ತಾನಾಗಿ ಬೆಳೆದ ಬೆಳ್ಳಿಯ ತಂತಿಗಳುಂಟೆಂದರೆ ಕೇಳಿದವರಿಗೆ ಸೋಜಿಗವಾದೀತು. ನಾರ್ವೆ ದೇಶದ ಕೋಂಗ್ಸ್‌ಬರ್ಗ್ ಎಂಬಲ್ಲಿ ೧೬೨೩ರಲ್ಲಿ ಬೆಳ್ಳಿಯ ಗಣಿಗಳು ಆರಂಭವಾಗಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ನಡೆದವು. ಅಲ್ಲಿ ದೊರೆತ ತಂತಿಗಳಲ್ಲಿ ಕೆಲವು ಕೂದಲೆಳೆಯಷ್ಟು ತೆಳುವಾಗಿದ್ದರೆ ಕೆಲವು ಬೆರಳಿನಷ್ಟು ದಪ್ಪವಾಗಿವೆ. ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡವೂ ಇವೆ. ಬಂಗಾರವಂತೂ ಇನ್ನೂ ಬಹುರೂಪಿ: ಬೇರೆ ಬೇರೆ ಗಣಿಗಳಲ್ಲಿ ಅದು ಎಂಟು ಮುಖಗಳ ಹರಳಾಗಿ, ಕಾಗದದಷ್ಟು ತೆಳುವಾದ ಎಲೆಯಾಗಿ, ಹಕ್ಕಿಯ ಗರಿಯಾಗಿ, ಜರೀಗಿಡದ ಸೊಪ್ಪಾಗಿ, ಸ್ಪಂಜಿನಂತೆ ತೂತುತೂತಾದ ಗಟ್ಟಿಯಾಗಿ ಕಾಣಿಸಿಕೊಂಡಿದೆ.

ಲೋಹವೊಂದೇ, ಒಳಗಿನ ಪರಮಾಣುಗಳ ಜೋಡಣೆಯೂ ಒಂದೇ. ಹಾಗಿರುವಲ್ಲಿ ಹೊರಗಿನ ಆಕಾರ ಇಷ್ಟು ಬಗೆಯಾಗಲು ಕಾರಣವೇನು? ಹರಳು ಬೆಳೆಯುವಾಗ ಅದಕ್ಕೆ ಪರಮಾಣುಗಳು ಎಷ್ಟು ವೇಗವಾಗಿ, ಯಾವ ದಿಕ್ಕಿನಿಂದ ಬಂದು ಒದಗಿದವು ಎಂಬುದೇ ಆಕಾರವನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ ಎಂದು ಭೌತವಿಜ್ಞಾನ ಹೇಳುತ್ತದೆ. ಆದುದರಿಂದ ಇಂಥ ಒಂದು ತುಣುಕು ಕೋಟ್ಯಂತರ ವರ್ಷಗಳ ಹಿಂದೆ ನೆಲದೊಳಗೆ ನಡೆದ ಸಂಗತಿಯೊಂದರ ದಾಖಲೆ. ಮೂಸೆಗೆ ಹಾಕಿದೊಡನೆ ಆ ದಾಖಲೆ ಅಳಿಸಿಹೋಗುತ್ತದೆ. ತೂಕ ಮಾತ್ರ ಉಳಿಯುತ್ತದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಬ್ಬಿಣ, ಅಲ್ಯೂಮಿನಿಯಮ್ ಮೊದಲಾದ ಲೋಹಗಳು ನೆಲದಲ್ಲಿ ಆಮ್ಲಜನಕ, ಗಂಧಕ ಮುಂತಾದುವುಗಳೊಡನೆ ಸಂಯೋಗಗೊಂಡು ಅದಿರಿನ ರೂಪದಲ್ಲಿರುತ್ತವೆ. ಬಂಗಾರ, ಬೆಳ್ಳಿ, ತಾಮ್ರ, ಪ್ಲಾಟಿನಮ್‌ಗಳಾದರೋ ಕೆಲವೆಡೆ ಲೋಹರೂಪದಲ್ಲಿಯೇ ದೊರೆಯುತ್ತವೆ. ಇವುಗಳಿಗೆ ಪ್ರಾಕೃತ ಲೋಹಗಳೆಂದು ಹೆಸರು. ಬಂಗಾರವು ಬೇರೆ ಧಾತುಗಳೊಡನೆ ಸುಲಭವಾಗಿ ಬೆರೆಯದ ಲೋಹವಾದುದರಿಂದ ಬಹುಪಾಲು ಪ್ರಾಕೃತವಾಗಿಯೇ ಸಿಗುತ್ತದೆ. ಬೆಳ್ಳಿ ಅಷ್ಟು ನಿರ್ಲಿಪ್ತವಲ್ಲ. ಗಂಧಕದ ಸಂಗ ಅದಕ್ಕೆ ಬಲು ಪ್ರಿಯ. ಗೋಬರ್ ಗ್ಯಾಸಿನ ಗುಂಡಿಯ ಬಳಿ ದುಡಿಯುವವರ ಕಾಲಿನ ಗೆಜ್ಜೆ ಬೇಗನೆ ಕಪ್ಪಾಗುವುದು ಆ ಅನಿಲದಲ್ಲಿ ಸ್ವಲ್ಪಮಟ್ಟಿಗಿರುವ ಗಂಧಕದ ಜಲಜನಕ ಸಂಯುಕ್ತದಿಂದ. ಆ ಕಪ್ಪು ಪೊರೆಯ ಹೆಸರು ಬೆಳ್ಳಿಯ ಸಲ್ಫೈಡ್. ಮುಂದೆ ತಂತಿಯ ಕಥೆಯಲ್ಲಿ ಇದರ ಪಾತ್ರ ದೊಡ್ಡದು.

ನಮ್ಮ ಈ ಐದು ತಾಲೂಕುಗಳಲ್ಲಿ ಬಂಗಾರದ ಗಣಿ ಏಕಿಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಎರೆಭೂಮಿಯ ಕೆಳಗೆ ಇಲ್ಲಿ ಹಾಸಿಕೊಂಡಿರುವುದು ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿ ಹರಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಕಲ್ಲು ಇದು. ಗೋಕಾಕದ ಕಡೆಗೆ ಸಾಗಿದರೆ ಈ ಹೊದಿಕೆ ತೀರಿಹೋಗಿ ಅದಕ್ಕಿಂತ ಹಳೆಯ ಮರಳುಗಲ್ಲು ಹೊರಬೀಳುತ್ತದೆ. ಘಟಪ್ರಭೆ ಧುಮುಕುವುದು ಅದರ ಮೇಲಿಂದಲೇ. ಕರ್ನಾಟಕದ ಬಂಗಾರವಿರುವುದು ಇವೆರಡಕ್ಕಿಂತಲೂ ಬಹಳ ಹಳೆಯದಾದ, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ. ಕೋಲಾರ, ರಾಯಚೂರು ಜಿಲ್ಲೆಯ ಹಟ್ಟಿ, ಗದಗಿನ ಕಪ್ಪತಗುಡ್ಡ ಇವೆಲ್ಲ ಆ ಶಿಲೆಗಳ ನೆಲೆಗಳು.

ಹಾಗೆಂದು ನಮ್ಮ ಕರಿಕಲ್ಲನ್ನು ಹೀಗಳೆಯಬೇಕಾಗಿಲ್ಲ. ಬಾವಿ ತೋಡುವಾಗ ಸಿಡಿಮದ್ದಿಗೆ ಒಡೆದ ಕರಿಕಲ್ಲಿನಲ್ಲಿ ಒಮ್ಮೊಮ್ಮೆ ಸಣ್ಣ ಪೊಳ್ಳುಗಳು ಕಾಣುತ್ತವೆ. ಲಾವಾರಸದಲ್ಲಿ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಬಿಟ್ಟುಹೋದ ಜಾಗಗಳು ಇವು. ಇಂಥ ಪೊಳ್ಳುಗಳ ಒಳಗೋಡೆಯಲ್ಲಿ ಬಿಳಿಯ ಸೂಜಿಗಳ ಕಟ್ಟು, ಇಲ್ಲವೆ ಬೆಣಚಿನ ಮಿರುಗುವ ಹರಳುಗಳು ಬೆಳೆದಿರುತ್ತವೆ. ಬಂಗಾರವಾಗಲಿ ಈ ಬಿಳಿಯ ಸೂಜಿಯಾಗಲಿ, ಚೆಂದದ ಹರಳಾಗಲು ಎರಡು ವಸ್ತುಗಳು ಬೇಕೇಬೇಕು: ಧಾತುಗಳನ್ನು ಹೊತ್ತು ತರುವ ದ್ರವ, ಮೈಚಾಚಲು ಬರಿದಾದ ಜಾಗ.

ಇನ್ನು ಒಳಗಿನ ಜೋಡಣೆಯನ್ನು ನೋಡೋಣ. ಸಂತೆಯಲ್ಲಿ ಮೋಸಂಬಿಯನ್ನು ಗೋಪುರದಂತೆ ಒಟ್ಟಿರುವುದನ್ನು ನೆನೆಯಿರಿ. ಕೆಳಗಿನ ಸಾಲಿನ ಹಣ್ಣುಗಳ ನಡುವಣ ತಗ್ಗಿನಲ್ಲಿ ಮೇಲಿನ ಹಣ್ಣು ಕೂರುತ್ತದೆ. ಒಂದೇ ಅಳತೆಯ ಗುಂಡುಗಳನ್ನು ಇದಕ್ಕಿಂತ ಒತ್ತಾಗಿ ಪೇರಿಸಲು ಸಾಧ್ಯವಿಲ್ಲವೆಂದು ೧೬೧೧ರಲ್ಲಿ ಖಗೋಳಜ್ಞ ಕೆಪ್ಲರನು ಊಹಿಸಿದ್ದನು. ಅಂಗಡಿಯವನಿಗೆ ಅದು ಮೊದಲೇ ತಿಳಿದಿತ್ತೆನ್ನಿ. ೧೯೧೪ರಲ್ಲಿ ತಾಮ್ರದ ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ಲಾರೆನ್ಸ್ ಬ್ರಾಗ್ ಕಂಡುಕೊಂಡುದು ಇದೇ ಬಗೆಯ ಜೋಡಣೆಯನ್ನು. ಬಂಗಾರ, ಬೆಳ್ಳಿಗಳದೂ ಅದೇ. ಪ್ರತಿ ಪರಮಾಣುವಿಗೂ ಹನ್ನೆರಡು ಮಂದಿ ನೆರೆಯವರು. ಇಡೀ ಜೋಡಣೆಯನ್ನು ಪುಟ್ಟ ಘನಗಳ ಪುನರಾವೃತ್ತಿಯೆಂದು ಎಣಿಸಬಹುದು. ಘನದ ಎಂಟು ಮೂಲೆಗಳಲ್ಲಿಯೂ ಆರು ಮುಖಗಳ ನಡುವೆಯೂ ಒಂದೊಂದು ಪರಮಾಣು. ಈ ಘನದ ಬದಿ ಬಂಗಾರದಲ್ಲಿ ಒಂದು ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಭಾಗದ ೪.೦೮ರಷ್ಟು, ಬೆಳ್ಳಿಯಲ್ಲಿ ೪.೦೯ರಷ್ಟು. ಅಳತೆಗಳು ಇಷ್ಟು ಸಮೀಪವಾದುದರಿಂದಲೇ ಇವೆರಡೂ ಯಾವ ಪ್ರಮಾಣದಲ್ಲಿಯಾದರೂ ಬೆರೆಯಬಲ್ಲವು. ಗಣಿಯಲ್ಲಿ ದೊರೆಯುವ ಬಂಗಾರದಲ್ಲಿ ಸಾಮಾನ್ಯವಾಗಿ ಬೆಳ್ಳಿ ಬೆರೆತಿರುವುದಕ್ಕೂ ಇದು ನೆರವಾಗಿದೆ.

ಘನಾಕೃತಿಯ ಜೋಡಣೆಯಿದ್ದರೂ ನಿಧಾನವಾಗಿ ಬೆಳೆದ ಬಂಗಾರದ ಹರಳು ಘನವಾಗುವುದು ಕಡಿಮೆ. ಎರಡು ಗೋಪುರಗಳನ್ನು ಬುಡಕ್ಕೆ ಬುಡ ಜೋಡಿಸಿದಂಥ ಅಷ್ಟಮುಖಿಯಾಗುವುದೇ ಹೆಚ್ಚು. ಇದೇಕೆ? ಘನದ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಹೊರಬರುವ ಮೂರು ಮೂಲೆಯ ಮುಖದಲ್ಲಿ ಪರಮಾಣುಗಳು ಅತ್ಯಂತ ಒತ್ತಾಗಿವೆ. ಅಂಥ ನುಣುಪಾದ ನೆಲದ ಮೇಲೆ ಹೊಸದಾಗಿ ಬಂದ ಪರಮಾಣುವಿಗೆ ಆಸರೆ ಸಿಗುವುದು ಕಷ್ಟ. ಹೀಗಾಗಿ ಆ ಮುಖದ ಮೇಲೆ ಹೊಸ ಪದರ ಏರುವುದು ತಡವಾಗುತ್ತದೆ. ತಡವಾಗಿ ಬೆಳೆಯುವ ಮುಖವೇ ಕೊನೆಗೆ ಉಳಿಯುವುದೆಂಬುದು ಹರಳುಗಳ ಲೋಕದ ವಿಚಿತ್ರ ನ್ಯಾಯ. ಎಂಟು ಬದಿಯ ಒಂದು ಹಲಗೆಯನ್ನು ಕಲ್ಪಿಸಿಕೊಳ್ಳಿ. ಒಂದು ಬಿಟ್ಟು ಒಂದರಂತೆ ನಾಲ್ಕು ಬದಿಗಳಿಗೆ ದಿನವೂ ಬೆರಳು ದಪ್ಪದ ಪಟ್ಟಿ ಅಂಟಿಸುತ್ತ, ಉಳಿದ ನಾಲ್ಕಕ್ಕೆ ಬರಿಯ ಕಾಗದ ಅಂಟಿಸುತ್ತ ಹೋಗಿರಿ. ಬೇಗ ಮುಂದಕ್ಕೆ ಸರಿಯುವ ಬದಿಗಳು ದಿನದಿಂದ ದಿನಕ್ಕೆ ಕಿರಿದಾಗಿ ಕಡೆಗೆ ಬರಿಯ ಮೂಲೆಗಳಾಗಿ ಮಾಯವಾಗುತ್ತವೆ. ನಿಧಾನಿಗಳೇ ನಾಲ್ಕು ಬದಿಗಳಾಗಿ ನಿಲ್ಲುತ್ತವೆ. ಚಿತ್ರ ಬರೆದು ನೋಡಿದರೆ ಇದು ಚೆನ್ನಾಗಿ ಮನದಟ್ಟಾಗುವುದು.

ಪರಮಾಣುಗಳು ಸಾವಕಾಶವಾಗಿ, ಎಲ್ಲ ಕಡೆಗೂ ಸಮನಾಗಿ ಒದಗಿದಾಗಿನ ಮಾತು ಇದು. ಸಾವಕಾಶ ತಪ್ಪಿದರೆ ಏನಾಗುತ್ತದೆಂಬುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಾಲು ಗಂಟೆಯಲ್ಲಿ ತೋರಿಸಬಹುದು. ಬೆಳ್ಳಿಯ ನೈಟ್ರೇಟನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಶುಚಿಯಾದ ತಾಮ್ರದ ತಂತಿಯೊಂದನ್ನು ಅದರಲ್ಲಿ ಇಳಿಬಿಡಬೇಕು. (ಈ ದ್ರಾವಣ ಕೈಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗದು; ಕಣ್ಣಿಗಂತೂ ಅಪಾಯ.) ತಾಮ್ರವು ದ್ರಾವಣಕ್ಕೆ ಇಳಿದು ತನ್ನ ಎಲೆಕ್ಟ್ರಾನುಗಳನ್ನು ಬೆಳ್ಳಿಯ ಅಯಾನುಗಳಿಗೆ ಬಿಟ್ಟುಕೊಡುತ್ತದೆ. ದ್ರವ ನಿಧಾನವಾಗಿ ನೀಲಿಗೆ ತಿರುಗುತ್ತದೆ. ತಂತಿಯ ಮೈಮೇಲೆ ಬೆಳ್ಳಿಯ ಸಣ್ಣ ಪೊದೆ ಚಿಗುರುತ್ತದೆ. ಕೊಂಬೆ, ಕೊಂಬೆಗೆ ರೆಂಬೆ, ರೆಂಬೆಗೆ ಎಸಳು. ಹಿಂದಿನ ರಸವಾದಿಗಳು ಇದನ್ನು ಚಂದ್ರದೇವತೆಯಾದ ಡಯಾನಾಳ ಮರವೆಂದು ಕರೆದು, ಲೋಹಕ್ಕೂ ಜೀವವುಂಟೆಂದು ಬಗೆದರು. ತಪ್ಪು ತಿಳಿವಳಿಕೆ ನಿಜ, ಆದರೆ ಆ ನೋಟವನ್ನು ಮೊದಲ ಸಲ ಕಂಡವರಿಗೆ ಅವರ ಮೇಲೆ ಕೋಪ ಬರಲಾರದು.

ಬೆಳ್ಳಿ ಇಲ್ಲಿ ಕೊಂಬೆಯೊಡೆಯುವುದೇಕೆ? ನಮ್ಮ ಭಾಗದ ಕಬ್ಬಿನ ಹೊಲವನ್ನು ನೋಡಿದವರಿಗೆ ಉತ್ತರ ಹೊಳೆಯಬೇಕು. ಒಡ್ಡಿನಂಚಿನ ಸಾಲು ಒಳಗಿನ ಸಾಲುಗಳಿಗಿಂತ ಹುಲುಸಾಗಿರುತ್ತದೆ. ಅದಕ್ಕೆ ಒಂದು ಪಕ್ಕದಲ್ಲಿ ಪೈಪೋಟಿಯಿಲ್ಲ, ಬಿಸಿಲೂ ಹೆಚ್ಚು. ಬೆಳೆಯುತ್ತಿರುವ ಹರಳಿನ ಮೂಲೆಯದೂ ಇದೇ ಸ್ಥಿತಿ. ಹರಳು ತನ್ನ ಸುತ್ತಲಿನ ದ್ರವದಿಂದ ಬೆಳ್ಳಿಯನ್ನು ಹೀರಿಕೊಂಡಂತೆ ಹತ್ತಿರದ ದ್ರವ ಬಡವಾಗುತ್ತದೆ. ಚಪ್ಪಟೆ ಮುಖದ ನಡುಭಾಗಕ್ಕೆ ಹೊಸ ಬೆಳ್ಳಿ ಆ ಬಡ ದ್ರವವನ್ನು ದಾಟಿ ವಿಸರಣೆಯಿಂದ ಬರಬೇಕು. ಹೊರಕ್ಕೆ ಚಾಚಿದ ಮೂಲೆಗಾದರೋ ಸಮೃದ್ಧ ದ್ರವ ಹತ್ತಿರದಲ್ಲಿದೆ, ಅದೂ ಹಲವು ದಿಕ್ಕುಗಳಲ್ಲಿ. ಆದಕಾರಣ ಮೂಲೆ ಬೇಗ ಬೆಳೆಯುತ್ತದೆ. ಬೆಳೆದಷ್ಟೂ ಇನ್ನೂ ಸಮೃದ್ಧವಾದ ದ್ರವವನ್ನು ಮುಟ್ಟುತ್ತದೆ. ಮುಟ್ಟಿದಷ್ಟೂ ಇನ್ನೂ ಬೇಗ ಬೆಳೆಯುತ್ತದೆ. ಉಳ್ಳವರಿಗೇ ಮತ್ತಷ್ಟು ಸಲ್ಲುವ ಈ ವ್ಯವಹಾರಕ್ಕೆ ಒಂದು ತಡೆಯೂ ಇದೆ. ಬಹು ಮೊನಚಾದ ತುದಿಯ ಪರಮಾಣುಗಳಿಗೆ ನೆರೆಯವರು ಕಡಿಮೆಯಾದುದರಿಂದ ಅಲ್ಲಿ ಅವು ಭದ್ರವಾಗಿ ನಿಲ್ಲಲಾರವು. ಮೇಲ್ಮೈಯ ಶಕ್ತಿ ತುದಿಯನ್ನು ಮೊಂಡಾಗಿಸಲು ಯತ್ನಿಸುತ್ತಿರುತ್ತದೆ. ಈ ಎರಡು ಒಲವುಗಳ ಹಗ್ಗಜಗ್ಗಾಟದಲ್ಲಿ ಯಾವಾಗ ಯಾವುದು ಗೆಲ್ಲುವುದೆಂಬುದನ್ನು ೧೯೬೩ರಲ್ಲಿ ಅಮೆರಿಕದ ಮುಲ್ಲಿನ್ಸ್ ಮತ್ತು ಸೆಕೆರ್ಕಾ ಎಂಬ ವಿಜ್ಞಾನಿಗಳು ಗಣಿತದಿಂದ ತೋರಿಸಿಕೊಟ್ಟರು. ಕೊಂಬೆಗಳ ದಪ್ಪ, ಅವುಗಳ ನಡುವಣ ಅಂತರ ಎರಡೂ ಈ ಲೆಕ್ಕದೊಳಗೇ ಅಡಗಿವೆ.

ಅಷ್ಟಮುಖಿಗೂ ಪೊದೆಗೂ ನಡುವೆ ಒಂದು ಮಧ್ಯಸ್ಥಿತಿಯುಂಟು. ಬೆಳವಣಿಗೆಯ ವೇಗ ತುಸು ಮಾತ್ರ ಹೆಚ್ಚಿದ್ದರೆ ಮೂಲೆ, ಅಂಚುಗಳು ಮುಂದೆ ಹೋಗಿ ಮುಖದ ನಡುಭಾಗ ಹಿಂದುಳಿಯುತ್ತದೆ. ಆಗ ಮುಖವು ನಮ್ಮ ಗುಡಿಗಳ ಮುಂದಣ ಕಲ್ಯಾಣಿಯಂತೆ ಅಂಚಿನಿಂದ ನಡುವಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಬಂಗಾರದ ಹರಳುಗಳಲ್ಲಿ ಇಂಥ ಮೂರು ಮೂಲೆಯ ಕಲ್ಯಾಣಿಗಳು ಅಪರೂಪವಲ್ಲ. ಮೆಟ್ಟಿಲುಗಳನ್ನು ಕಂಡ ತಜ್ಞನು ಈ ಹರಳಿಗೆ ದ್ರವದ ಪೂರೈಕೆ ನಡುವಿನಲ್ಲಿ ಸಾಲದೆ ಹೋಯಿತೆಂದು ಓದಿಕೊಳ್ಳುತ್ತಾನೆ.

ಗರಿ ಮತ್ತು ಎಲೆಗಳ ವಿಷಯದಲ್ಲಿ ಮತ್ತೊಂದು ಕಾರಣ ಸೇರುತ್ತದೆ. ಮೋಸಂಬಿಯ ಗೋಪುರದಲ್ಲಿ ಮೂರನೆಯ ಪದರವನ್ನು ಎರಡು ಬಗೆಯಾಗಿ ಇಡಬಹುದು. ಬೆಳೆಯುವಾಗ ಎಲ್ಲೋ ಒಂದು ಪದರ ತಪ್ಪು ತಗ್ಗಿನಲ್ಲಿ ಕುಳಿತಿತೆಂದರೆ ಅಲ್ಲಿಂದ ಮುಂದಿನ ಹರಳು ಹಿಂದಿನದರ ಕನ್ನಡಿಬಿಂಬವಾಗುತ್ತದೆ. ಇವು ಯಮಳ ಹರಳುಗಳು. ಎರಡು ಬಿಂಬಗಳು ಕೂಡುವ ಅಂಚಿನಲ್ಲಿ ಒಳಸರಿದ ಕೋನವೊಂದು ಉಂಟಾಗುತ್ತದೆ. ಬರುವ ಪರಮಾಣುಗಳಿಗೆ ಅದು ಸಿದ್ಧವಾದ ಮೂಲೆ. ಮೂಲೆಯಲ್ಲಿ ಕುಳಿತವನಿಗೆ ಎರಡು ಗೋಡೆಗಳ ಆಸರೆ. ಹೀಗೆ ಹರಳು ಆ ಅಂಚಿನ ಸುತ್ತಲೂ ಬೇಗ ಹರಡಿಕೊಂಡು, ದಪ್ಪವಾಗದೆ, ಹಾಳೆಯಾಗುತ್ತದೆ. ಯಮಳವಲ್ಲದ ಹರಳಿನ ಕೊಂಬೆಗಳು ಅನೇಕ ವೇಳೆ ಲಂಬಕೋನದಲ್ಲಿ ಒಡೆದರೆ, ಯಮಳದ ಹಾಳೆಯ ಮೇಲಿನ ಕೊಂಬೆಗಳು ಅರವತ್ತು ಡಿಗ್ರಿ ಕೋನದಲ್ಲಿ ಒಡೆದು ಗರಿಯ ರೂಪ ತಾಳುತ್ತವೆ. ರುಮೇನಿಯಾದ ರೋಷಿಯಾ ಮೊಂಟಾನಾ ಗಣಿಗಳು ಇಂಥ ಬಂಗಾರದ ಎಲೆಗಳಿಗೆ ಪ್ರಸಿದ್ಧ.

ಇಷ್ಟು ತಿಳಿದ ಮೇಲೂ ಬೆಳ್ಳಿಯ ತಂತಿ ಒಗಟಾಗಿಯೇ ಉಳಿಯುತ್ತದೆ. ಅದಕ್ಕೆ ಕೊಂಬೆಗಳಿಲ್ಲ, ಮುಖಗಳಿಲ್ಲ. ಉದ್ದಕ್ಕೂ ಗೀರು ಗೀರಾದ ಗೆರೆಗಳು ಮಾತ್ರ ಇವೆ. ಆ ಗೆರೆಗಳೇ ಸುಳಿವು. ಶ್ಯಾವಿಗೆ ಒತ್ತುವ ಒರಳಿನಿಂದ ಹೊರಬರುವ ಎಳೆಯ ಮೈಮೇಲೂ ಇಂಥ ಗೆರೆಗಳಿರುತ್ತವೆ. ಮರದ ಚಿಗುರು ತುದಿಯಲ್ಲಿ ಬೆಳೆಯುತ್ತದೆ, ಕೂದಲು ಬುಡದಲ್ಲಿ ಬೆಳೆಯುತ್ತದೆ. ಬೆಳ್ಳಿಯ ತಂತಿ ಕೂದಲಿನ ಜಾತಿಗೆ ಸೇರಿದ್ದು. ಅದರ ತುದಿಯೇ ಎಲ್ಲಕ್ಕಿಂತ ಹಳೆಯ ಭಾಗ.

ಬುಡದಲ್ಲಿ ಬೆಳ್ಳಿಯನ್ನು ಒದಗಿಸುವವರು ಯಾರು? ಇಲ್ಲಿಯೇ ಗೆಜ್ಜೆಯ ಕಪ್ಪು ಪೊರೆ ರಂಗಕ್ಕೆ ಬರುವುದು. ಬೆಳ್ಳಿಯ ಸಲ್ಫೈಡ್ ನೋಟಕ್ಕೆ ಗಟ್ಟಿ ಖನಿಜ. ಆದರೆ ಸುಮಾರು ೧೮೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯನ್ನು ದಾಟಿದೊಡನೆ ಅದರೊಳಗಿನ ಬೆಳ್ಳಿಯ ಅಯಾನುಗಳು, ಗಂಧಕದ ಚೌಕಟ್ಟನ್ನು ಅಲ್ಲಿಯೇ ಬಿಟ್ಟು, ದ್ರವದಲ್ಲಿರುವಂತೆ ಸರಾಗವಾಗಿ ಹರಿದಾಡತೊಡಗುತ್ತವೆ. ಖನಿಜದ ಮೇಲ್ಮೈಯಿಂದ ಗಂಧಕವನ್ನು ಕಿತ್ತುಕೊಳ್ಳುವ ಯಾವುದಾದರೂ ಅನಿಲವೋ ದ್ರವವೋ ಹಾಯ್ದಾಗ ಬೆಳ್ಳಿ ಹೆಚ್ಚುವರಿಯಾಗುತ್ತದೆ. ಆ ಹೆಚ್ಚುವರಿ ಬೆಳ್ಳಿ ಎಲ್ಲೆಂದರಲ್ಲಿ ಹೊರಬರದೆ, ಈಗಾಗಲೇ ಲೋಹದ ಕಣ ಹುಟ್ಟಿರುವ ಕಡೆಗೆ ಒಳಗಿಂದೊಳಗೇ ಹರಿದು, ಆ ಕಣದ ಬುಡಕ್ಕೆ ಸೇರುತ್ತದೆ. ಕಣ ಮೇಲಕ್ಕೆ ನೂಕಲ್ಪಡುತ್ತದೆ, ಬುಡದಲ್ಲಿ ಮತ್ತೆ ಬೆಳ್ಳಿ, ಮತ್ತೆ ನೂಕು. ಪ್ರಯೋಗಶಾಲೆಯಲ್ಲಿ ಬೆಳ್ಳಿಯ ಸಲ್ಫೈಡನ್ನು ಕಾಸಿ ಅದರ ಮೇಲೆ ಜಲಜನಕವನ್ನು ಹಾಯಿಸಿದರೆ ತಂತಿಗಳು ಕಣ್ಣೆದುರಿನಲ್ಲೇ ಮೇಲೇಳುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡಿದ್ದರು. ಬುಡದ ಒಂದು ಮಗ್ಗುಲಿನಲ್ಲಿ ಪೂರೈಕೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದರೆ ತಂತಿ ಬಾಗುತ್ತದೆ. ಬಾಗುತ್ತ ಬಾಗುತ್ತ ಸುರುಳಿಯಾಗುತ್ತದೆ. ಟಗರಿನ ಕೊಂಬಿನ ರಹಸ್ಯ ಇಷ್ಟೇ.

ಇದು ಗಣಿಗಳಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಗಂಧಕದ ಅನಿಲಗಳು ಸುಳಿಯುವ ಕಾರ್ಖಾನೆಗಳಲ್ಲಿ ವಿದ್ಯುತ್ ಸ್ವಿಚ್ಚುಗಳ ಬೆಳ್ಳಿ ಲೇಪಿಸಿದ ಕೂಡುಬಿಂದುಗಳು ಮೊದಲು ಕಪ್ಪಾಗಿ, ಬಿಸಿಗೆ ಅವುಗಳ ಮೇಲೆ ಬೆಳ್ಳಿಯ ಕೂದಲು ಮೊಳೆತು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿ ಅಪಾಯವನ್ನು ತಂದೊಡ್ಡಿರುವ ಉದಾಹರಣೆಗಳಿವೆ. ಎಂಜಿನಿಯರುಗಳಿಗೆ ಈ ಕೂದಲು ಶತ್ರು, ಖನಿಜಶಾಸ್ತ್ರಜ್ಞರಿಗೆ ನಿಧಿ.

ಬಂಗಾರದ ತಂತಿಯೂ ಹೀಗೆಯೇ ಬೆಳೆದಿರಬಹುದೆ? ೧೮೮೭ರಲ್ಲಿ ಅಮೆರಿಕದ ಕೊಲರಾಡೋ ಪ್ರಾಂತದ ಗಣಿಯೊಂದರಲ್ಲಿ ಟಗರುಕೊಂಬಿನ ಆಕಾರದ, ೨೬೩ ಗ್ರಾಂ ತೂಕದ ಬಂಗಾರದ ತಂತಿಗಟ್ಟು ದೊರೆಯಿತು. ಈಗ ಅದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಖನಿಜ ಸಂಗ್ರಹಾಲಯದಲ್ಲಿದೆ. ಒಳಗನ್ನು ನೋಡಲು ಕತ್ತರಿಸುವಂತಿಲ್ಲ. ಇಷ್ಟು ದಪ್ಪ ಬಂಗಾರವನ್ನು ಸಾಮಾನ್ಯ ಕ್ಷ-ಕಿರಣಗಳು ಹಾಯಲಾರವು. ಆದರೆ ವಿದ್ಯುದಂಶವಿಲ್ಲದ ನ್ಯೂಟ್ರಾನುಗಳು ಪರಮಾಣುಗಳ ಎಲೆಕ್ಟ್ರಾನು ಮೋಡಗಳನ್ನು ಲೆಕ್ಕಿಸದೆ ಒಳಹೊಕ್ಕು, ಜೋಡಣೆಯ ಸುದ್ದಿಯನ್ನು ಹೊರತರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಹೀಗೆ ಪರೀಕ್ಷಿಸಿದಾಗ ಆಶ್ಚರ್ಯ ಕಾದಿತ್ತು. ಬೆಳ್ಳಿಯ ಒಂದೊಂದು ತಂತಿಯೂ ನೂರಾರು ಸಣ್ಣ ಹರಳುಗಳ ಕೂಟ. ಈ ಬಂಗಾರದ ಕೊಂಬಾದರೋ ಕೆಲವೇ ದೊಡ್ಡ ಹರಳುಗಳಿಂದಾದುದು. ಹೊರಗೆ ಅಣ್ಣತಮ್ಮಂದಿರಂತೆ ಕಾಣುವ ಇವೆರಡೂ ಹುಟ್ಟಿನಿಂದ ಬೇರೆ ಬೇರೆಯೇ ಇರಬೇಕು. ಬಂಗಾರದ ತಂತಿಯ ಪ್ರಶ್ನೆ ಇನ್ನೂ ತೀರಿಲ್ಲ.

ಈಗ ನಮ್ಮ ನಾಡಿನ ಬಂಗಾರದ ಕಡೆಗೆ ತಿರುಗೋಣ. ಕೋಲಾರದ ಸೀಮೆಯಲ್ಲಿ ಬಂಗಾರವಿರುವುದನ್ನು ೧೮೦೨ರಲ್ಲಿ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ವರದಿ ಮಾಡಿದನು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಆಳವಾದ ಗಣಿಗಾರಿಕೆ ಬೆಳೆಯಿತು. ೧೯೦೨ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಅಲ್ಲಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ೨೦೦೧ರಲ್ಲಿ ಗಣಿಗಳು ಮುಚ್ಚಿದವು. ಇಷ್ಟು ಕಾಲದಲ್ಲಿ ಸುಮಾರು ಎಂಟುನೂರು ಟನ್ ಬಂಗಾರ ಅಲ್ಲಿಂದ ಹೊರಬಂದಿತು.

ಈ ಬಂಗಾರವಿದ್ದುದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ನೆಲದಾಳದಲ್ಲಿ ೩೦೦ರಿಂದ ೪೦೦ ಡಿಗ್ರಿ ಉಷ್ಣತೆಯ ನೀರು, ಮೇಲಿನ ಬಂಡೆಯ ಭಾರದಿಂದ ಆವಿಯಾಗಲಾರದೆ, ಬಿರುಕುಗಳಲ್ಲಿ ಹರಿಯುತ್ತಿರುತ್ತದೆ. ಅದರಲ್ಲಿರುವ ಗಂಧಕದ ಸಂಯುಕ್ತಗಳು ಬಂಗಾರವನ್ನು ಬಹಳ ಅಲ್ಪ ಪ್ರಮಾಣದಲ್ಲಿ ಹಿಡಿದು ಕರಗಿಸಿಕೊಳ್ಳುತ್ತವೆ. ಭೂಕಂಪದಿಂದ ಬಿರುಕು ಥಟ್ಟನೆ ಅಗಲಿಸಿದರೆ ಒತ್ತಡ ಕುಸಿಯುತ್ತದೆ. ನೀರಿನ ಒಂದು ಪಾಲು ಕ್ಷಣಾರ್ಧದಲ್ಲಿ ಆವಿಯಾಗಿ, ಕರಗಿದ್ದ ಬೆಣಚೂ ಬಂಗಾರವೂ ಹೊರಬೀಳುತ್ತವೆ. ಈ ವಿವರಣೆ ಬಹುಮಟ್ಟಿಗೆ ಒಪ್ಪಿತವಾದುದು. ಆದರೆ ಇದರಲ್ಲಿ ಒಂದು ತೊಡಕಿತ್ತು. ಇಷ್ಟು ತೆಳುವಾದ ದ್ರಾವಣದಿಂದ ಬಂಗಾರವು ಪಟ್ಟೆಯ ಉದ್ದಕ್ಕೂ ಧೂಳಿನಂತೆ ಚೆದರಬೇಕಾಗಿತ್ತು. ಕೆಲವೆಡೆ ಗಟ್ಟಿಗಳಾಗಿ ಒಂದೇ ಜಾಗದಲ್ಲಿ ಕೂಡಿಕೊಂಡುದು ಹೇಗೆ?

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹಿತವಾಗುವ ಉತ್ತರವೊಂದು ೨೦೨೪ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದಿಂದ ಬಂದಿದೆ. ಅಡಿಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದಾಗ ಕಿಡಿ ಹಾರುವುದು ಒಳಗಿನ ಒಂದು ಬಿಲ್ಲೆಯ ಮೇಲೆ ಬೀಳುವ ಪೆಟ್ಟಿನಿಂದ. ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಎದುರುಬದುರು ಮುಖಗಳಲ್ಲಿ ವಿದ್ಯುತ್ತು ಉಂಟಾಗುತ್ತದೆ. ಇದನ್ನು ಕಂಡುಹಿಡಿದವರು ಜಾಕ್ ಮತ್ತು ಪಿಯೇರ್ ಕ್ಯೂರಿ ಸೋದರರು, ೧೮೮೦ರಲ್ಲಿ. ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದ ವರ್ಷವೂ ಅದೇ! ಬೆಣಚು ಈ ಗುಣವುಳ್ಳ ಹರಳುಗಳಲ್ಲಿ ಪ್ರಮುಖವಾದುದು. ಮೊನಾಶ್‌ನ ಸಂಶೋಧಕರು ಬಂಗಾರ ಕರಗಿದ ದ್ರವದಲ್ಲಿ ಬೆಣಚಿನ ಫಲಕಗಳನ್ನು ಇಟ್ಟು, ಭೂಕಂಪದ ಅಲುಗಾಟವನ್ನು ಅನುಕರಿಸುವಂತೆ ಅವುಗಳನ್ನು ಅದುರಿಸಿದರು. ಫಲಕದ ಮೇಲೆ ಬಂಗಾರದ ಕಣಗಳು ಕುಳಿತವು. ಅದಕ್ಕಿಂತ ಮುಖ್ಯವಾದ ಅಂಶವೆಂದರೆ, ಹೊಸ ಬಂಗಾರವು ಬರಿಯ ಬೆಣಚಿಗಿಂತ ಮೊದಲೇ ಇದ್ದ ಬಂಗಾರದ ಕಣಗಳ ಮೇಲೆ ಕೂರುವುದಕ್ಕೆ ಹೆಚ್ಚು ಒಲಿಯಿತು. ಬೆಣಚು ವಿದ್ಯುದ್ರೋಧಕ, ಬಂಗಾರ ಉತ್ತಮ ವಾಹಕ. ಒಮ್ಮೆ ಕುಳಿತ ಕಣ ಮುಂದಿನ ಕಂಪಗಳಲ್ಲಿ ಸಣ್ಣದೊಂದು ವಿದ್ಯುದ್ವಾರವಾಗಿ ಕೆಲಸ ಮಾಡುತ್ತದೆ. ಸಾವಿರಾರು ಕಂಪಗಳ ಬಳಿಕ ಕಣ ಗಟ್ಟಿಯಾಗುತ್ತದೆ. ಹಳೆಯ ಒತ್ತಡದ ವಾದವನ್ನು ಇದು ತಳ್ಳಿಹಾಕುತ್ತದೆಂದು ನನಗೆ ತೋರುವುದಿಲ್ಲ. ಒಂದು ಬಂಗಾರವನ್ನು ಹೊರಗೆಡಹಿದರೆ ಇನ್ನೊಂದು ಅದು ಎಲ್ಲಿ ಕೂಡಬೇಕೆಂಬುದನ್ನು ಹೇಳುತ್ತದೆ.

ಬಿರುಕಿನೊಳಗೆ ಕೂಡಿದ ಇಂಥ ಬಂಗಾರಕ್ಕೆ ಸ್ವಂತ ಆಕಾರ ಕಡಿಮೆ. ಜಾಗವಿಲ್ಲದ ಮೇಲೆ ಬಿರುಕಿನ ಆಕಾರವೇ ಅದರ ಆಕಾರ. ಎಲ್ಲೋ ಒಂದು ಪೊಳ್ಳು ಉಳಿದಿದ್ದರೆ ಮಾತ್ರ ಅಲ್ಲಿ ಗರಿ, ಎಲೆ, ಅಷ್ಟಮುಖಿಗಳು ಮೈದೋರಬೇಕು. ಅಂಥವು ಮೊದಲೇ ವಿರಳ. ಇದ್ದರೂ ಗಣಿಯಲ್ಲಿ ಉಳಿಯುವುದು ಇನ್ನೂ ವಿರಳ. ಟನ್ನಿಗೆ ಕೆಲವೇ ಗ್ರಾಂ ಬಂಗಾರವಿರುವ ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡಿನಲ್ಲಿ ಕರಗಿಸಿ ತೆಗೆಯಬೇಕಾದಾಗ ಆಕಾರದ ಗೊಡವೆ ಯಾರಿಗೆ? ಗಣಿ ನಡೆಸುವವರನ್ನು ಇದಕ್ಕಾಗಿ ದೂರುವಂತಿಲ್ಲ. ಆದರೂ ವೆನಿಜುವೇಲಾದಲ್ಲಿ ದೊರೆತಿದ್ದ ೨೧೭ ಗ್ರಾಮಿಗೂ ಮೇಲ್ಪಟ್ಟ ಒಂದು ಬಂಗಾರದ ಹರಳಿನ ಕಥೆಯನ್ನು ಇಲ್ಲಿ ಹೇಳಬೇಕು. ಇದು ನಿಜವಾದ ಹರಳೋ, ಯಾರೋ ಎರಕ ಹೊಯ್ದುದೋ ಎಂಬ ಸಂಶಯವಿತ್ತು. ೨೦೧೪ರಲ್ಲಿ ನ್ಯೂಟ್ರಾನುಗಳ ಪರೀಕ್ಷೆಯಿಂದ ಇಡೀ ಗಟ್ಟಿಯೂ ಒಂದೇ ಹರಳೆಂದು ಸಿದ್ಧವಾಯಿತು. ಒಂದೇ ಕ್ಷಣದಲ್ಲಿ ಅದರ ಬೆಲೆ ಅಷ್ಟೇ ತೂಕದ ಬಂಗಾರದ ಬೆಲೆಯನ್ನು ಎಷ್ಟೋ ಪಟ್ಟು ಮೀರಿತು. ಕರಗಿಸಿದ್ದರೆ ಆ ಸಂಶಯವೂ ಬೆಲೆಯೂ ಒಟ್ಟಿಗೇ ಹೋಗುತ್ತಿದ್ದವು.

ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲ ಕಳೆದ ಮೇಲೆ ಮರಳು ಜಾಲಿಸಿ ಬಂಗಾರದ ರವೆ ತೆಗೆಯುತ್ತಿದ್ದ ಜಾಲಗಾರರನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ೧೮೭೪ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಉಲ್ಲೇಖಿಸಿದ್ದಾನೆ. ಹಳ್ಳದ ಬಂಗಾರ ಕಲ್ಲಿಗೆ ಉಜ್ಜಿ ಉಜ್ಜಿ ಅಂಚು ಸವೆದುದು. ಅದರಲ್ಲಿ ಹರಳನ್ನು ಹುಡುಕುವುದು ವ್ಯರ್ಥವೆಂದು ಬಹುಕಾಲ ನಂಬಿದ್ದರು. ಅದೂ ಪೂರ್ತಿ ನಿಜವಲ್ಲ. ಮಣ್ಣಿನಲ್ಲಿ ಬಂಗಾರ ಅತ್ಯಲ್ಪವಾಗಿ ಕರಗಿ ಮತ್ತೆ ಕೂಡುವುದುಂಟು. ಕರಗಿದ ಬಂಗಾರವನ್ನು ಲೋಹದ ಕಣವಾಗಿಸುವ ಬ್ಯಾಕ್ಟೀರಿಯಗಳು ಆಸ್ಟ್ರೇಲಿಯದ ಬಂಗಾರದ ರವೆಗಳ ಮೈಮೇಲೆಯೇ ಕಂಡುಬಂದಿವೆ.

ಬಂಗಾರದ ಪ್ರಯೋಗ ವಿದ್ಯಾರ್ಥಿಗಳ ಕೈಗೆಟುಕುವುದಿಲ್ಲ, ಬೆಳ್ಳಿಯದೂ ಈಗ ದುಬಾರಿಯೇ. ಆದರೆ ತಾಮ್ರದ ಪರಮಾಣುಗಳ ಜೋಡಣೆಯೂ ಅದೇ ಮೋಸಂಬಿಯ ಗೋಪುರವಾದುದರಿಂದ ಮೇಲೆ ಹೇಳಿದುದರಲ್ಲಿ ಬಹುಭಾಗವನ್ನು ತಾಮ್ರದಲ್ಲಿ ನೋಡಬಹುದು. ಎರಡು ಗಾಜಿನ ಲೋಟಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಮೈಲುತುತ್ತದ ದ್ರಾವಣ ತುಂಬಿ ಕಬ್ಬಿಣದ ಮೊಳೆಯನ್ನು ಅದ್ದಿರಿ. ಇನ್ನೊಂದರ ತಳದಲ್ಲಿ ಮೈಲುತುತ್ತದ ಹರಳುಗಳನ್ನು ತೆಳ್ಳಗೆ ಹರಡಿ, ಮೇಲೆ ಸೋಸುಕಾಗದವನ್ನು ಮುಚ್ಚಿ, ಅದರ ಮೇಲೆ ಅಡಿಗೆಯ ಉಪ್ಪನ್ನು ಎರಡು ಬೆರಳಿನಷ್ಟು ತುಂಬಿ, ಮತ್ತೊಂದು ಸೋಸುಕಾಗದವನ್ನು ಹಾಸಿ, ಉಜ್ಜಿ ಶುಚಿಮಾಡಿದ ಕಬ್ಬಿಣದ ತಗಡಿನ ತುಂಡನ್ನು ಇರಿಸಿ, ಎಲ್ಲವೂ ಮುಳುಗುವಂತೆ ಉಪ್ಪುನೀರನ್ನು ಮೆಲ್ಲನೆ ಎರೆಯಿರಿ. ಮೈಲುತುತ್ತ ವಿಷವಾದುದರಿಂದ ಈ ಲೋಟಗಳನ್ನು ಮತ್ತೆ ಊಟದ ಮನೆಗೆ ಒಯ್ಯಕೂಡದು.

ಮೊದಲನೆಯ ಲೋಟದಲ್ಲಿ ಒಂದೆರಡು ನಿಮಿಷಗಳಲ್ಲಿಯೇ ಮೊಳೆಗೆ ಕೆಂಪು ಕೆಸರು ಹತ್ತಿಕೊಳ್ಳುತ್ತದೆ. ಎರಡನೆಯದನ್ನು ಅಲುಗಾಡಿಸದೆ ಮೂಲೆಯಲ್ಲಿಟ್ಟು ಹತ್ತು ಹದಿನೈದು ದಿನ ಕಾಯಬೇಕು. ತಾಮ್ರದ ಅಯಾನುಗಳು ಉಪ್ಪಿನ ಪದರವನ್ನು ತೂರಿಕೊಂಡು ಬಹು ನಿಧಾನವಾಗಿ ಕಬ್ಬಿಣದ ಕಡೆಗೆ ಏರುತ್ತವೆ. ಉಪ್ಪನ್ನು ನೀರಿನಿಂದ ತೊಳೆದು ತೆಗೆದು, ಸಿಕ್ಕ ಕೆಂಪು ಕೊಂಬೆಗಳನ್ನು ಬಿಳಿಯ ಕಾಗದದ ಮೇಲಿರಿಸಿ, ಕೈಗನ್ನಡಿಯ ಬದಲು ಭೂತಗನ್ನಡಿಯಿಂದ ತಿರುಗಿಸಿ ತಿರುಗಿಸಿ ನೋಡಿರಿ. ಬೆಳಕು ಸರಿಯಾದ ಕೋನದಲ್ಲಿ ಬಿದ್ದಾಗ ಕೊಂಬೆಯ ಮೈಮೇಲೆ ಅಲ್ಲಲ್ಲಿ ಮಿಂಚುವ ಚಪ್ಪಟೆ ಮುಖಗಳಲ್ಲಿ ಮೂರು ಮೂಲೆಯವು ಎಷ್ಟಿವೆ ಎಂದು ಎಣಿಸಿರಿ.